ಕೊಂಡಿ ಮಾತ್ರ 916

ಸೆಕೆಂಡ್ ಹ್ಯಾಂಡ್ ಒಡವೆ ಕೊಳ್ಳೋ ಯೋಚನೆ ಇದ್ದವರು ಇದನ್ನೊಮ್ಮೆ ಓದಿ. ನಾನು ಸೀಲ್ ನೋಡಿದ್ದೆ, ಆ್ಯಪಲ್ಲೂ ಚೆಕ್ ಮಾಡಿದ್ದೆ. ಆದರೂ ಟೋಪಿ ಹಾಕಿಸಿಕೊಂಡೆ.

ನಾವು ಮಂಡ್ಯದವರು. ಮಗಳ ಮದುವೆಗೆ ಅಂತ ಚಿನ್ನ ಕೂಡಿಸುತ್ತಿದ್ದೆ. ಪರಿಚಯದವರ ಕಡೆಯಿಂದ ಒಬ್ಬರು ಮನೆಗೆ ಬಂದರು. ಹೆಂಡತಿಯ ಸರ, 24 ಗ್ರಾಂ, ಹನ್ನೆರಡು ವರ್ಷದ ಹಿಂದೆ ಮದುವೆಗೆ ಮಾಡಿಸಿದ್ದು, ಈಗ ಆಸ್ಪತ್ರೆ ಖರ್ಚಿಗೆ ಮಾರುತ್ತಿದ್ದೇವೆ ಅಂದರು. ಅಂಗಡಿ ರೇಟಿಗಿಂತ ಕಮ್ಮಿ. ಮೇಕಿಂಗ್ ಚಾರ್ಜು, ವೇಸ್ಟೇಜು ಯಾವುದೂ ಇಲ್ಲ. ಆಸ್ಪತ್ರೆ ಅಂದ ಮೇಲೆ ಜಾಸ್ತಿ ಕೆದಕೋಕೆ ಮನಸ್ಸು ಬರುತ್ತಾ?

ಕೊಂಡಿಯ ಮೇಲೆ ಹಾಲ್‌ಮಾರ್ಕ್ ಸೀಲ್ ಇತ್ತು, ಅಂದರೆ ಚಿನ್ನದ ಶುದ್ಧತೆಗೆ ಸರ್ಕಾರಿ ಸಂಸ್ಥೆ ಬಿಐಎಸ್‌ನ ಗುರುತು. ಭೂತಗನ್ನಡಿ ಹಿಡಿದು ನೋಡಿದೆ. ಬಿಐಎಸ್‌ನ ತ್ರಿಕೋನದ ಗುರುತು, 22ಕೆ916 (22 ಕ್ಯಾರೆಟ್, ಸಾವಿರಕ್ಕೆ 916 ಪಾಲು ಚಿನ್ನ), ಪಕ್ಕದಲ್ಲಿ ಒಂದೊಂದು ಒಡವೆಗೂ ಬೇರೆಬೇರೆ ಇರುವ ಆರು ಅಕ್ಷರ-ಅಂಕಿಯ ನಂಬರ್, ಎಚ್‌ಯುಐಡಿ. ಮೂರೂ ಸರಿಯಾಗಿತ್ತು. ಬಿಐಎಸ್ ಕೇರ್ ಆ್ಯಪಲ್ಲಿ ನಂಬರ್ ಹೊಡೆದೆ. 916 ಅಂತ ಬಂತು. ಅಷ್ಟು ಓದಿ ಫೋನ್ ಕೆಳಗಿಟ್ಟೆ.

ನಾಲ್ಕು ತಿಂಗಳಾದ ಮೇಲೆ ಆ ಸರ ಕೊಟ್ಟು ಹಾರ ತಗೊಳ್ಳೋಣ ಅಂತ ಮೈಸೂರಿಗೆ, ಅಶೋಕ ರಸ್ತೆಯ ಅಂಗಡಿಗೆ ಹೋದೆ. ಅಲ್ಲಿದ್ದ ವಯಸ್ಸಾದ ಆಚಾರ್ರು ಸರವನ್ನು ಬೆಳಕಿಗೆ ಹಿಡಿದು ಕೊಂಡಿಯ ಹತ್ತಿರದ ಬೆಸುಗೆಯನ್ನೇ ನೋಡಿದರು. ಒರೆಗಲ್ಲಿನ ಮೇಲೆ ಎರಡು ಗೆರೆ ಎಳೆದರು. ಒಂದು ಕೊಂಡಿಯದ್ದು, ಇನ್ನೊಂದು ಸರದ್ದು. ಮೇಲೆ ಆಸಿಡ್ ಬಿಟ್ಟರು. ಕೊಂಡಿಯ ಗೆರೆ ಹಾಗೇ ಮಿನುಗುತ್ತಿತ್ತು. ಸರದ ಗೆರೆ ನನ್ನ ಕಣ್ಣೆದುರೇ ಮಾಸಿಹೋಯಿತು.

"ಕೊಂಡಿ ಒಂದೂರಿಂದು ಕಣಮ್ಮ, ಸರ ಇನ್ನೊಂದೂರಿಂದು" ಅಂದರು.

ಅಲ್ಲೇ ಕೂತು ಆ್ಯಪನ್ನು ಮತ್ತೆ ತೆರೆದೆ. ಒಡವೆ ಯಾವುದು ಅನ್ನೋ ಸಾಲೂ ಅದರಲ್ಲಿ ಇರುತ್ತದೆ. ಬ್ರೇಸ್ಲೆಟ್ ಅಂತಿತ್ತು! ಯಾವುದೋ ಬ್ರೇಸ್ಲೆಟ್ಟಿನ ಕೊಂಡಿ ಕಿತ್ತು ಕಳಪೆ ಸರಕ್ಕೆ ಬೆಸೆದಿದ್ದರು. ಇನ್ನೊಂದು ಮಾತು ಆಚಾರ್ರೇ ಹೇಳಿದ್ದು. ಎಚ್‌ಯುಐಡಿ ಶುರುವಾಗಿದ್ದೇ 2021ರ ಜುಲೈನಲ್ಲಿ. ಹನ್ನೆರಡು ವರ್ಷದ ಹಿಂದಿನ ಸರಕ್ಕೆ ಅದು ಎಲ್ಲಿಂದ ಬಂತು? ಆಮೇಲೆ ಹಾಕಿಸಿದ್ದಿರಬಹುದು, ಆದರೆ ನಾನು ಕೇಳಬೇಕಿತ್ತು, ಅಲ್ವಾ?

ಅನುಮಾನ ಉಳಿಯಬಾರದು ಅಂತ ಹಾಲ್‌ಮಾರ್ಕಿಂಗ್ ಸೆಂಟರಿಗೂ ಕೊಟ್ಟೆ. ನಮ್ಮಂಥವರು ಒಡವೆ ಒಯ್ದರೂ ಟೆಸ್ಟ್ ಮಾಡಿಕೊಡುತ್ತಾರೆ. ನಾಲ್ಕು ಒಡವೆವರೆಗೆ 200 ರೂಪಾಯಿ. ಎಕ್ಸ್‌ರೇ ಮಿಷನ್ ಬರೀ ಮೇಲ್ಮೈ ನೋಡುತ್ತದೆ, ಮೇಲೆ ಚಿನ್ನದ ಪಾಲಿಶ್ ಕೊಟ್ಟಿದ್ದರೆ ಅದೂ ಏಮಾರುತ್ತದೆ ಅಂತ ನನ್ನನ್ನು ಕೇಳಿ ಸರದ ಒಂದು ತುಣುಕು ಕತ್ತರಿಸಿ ಒಳಗಿನದ್ದನ್ನು ನೋಡಿದರು. ನೂರಕ್ಕೆ 62. 916 ಅಂದರೆ 24 ಗ್ರಾಮಿನಲ್ಲಿ 22 ಗ್ರಾಂ ಚೊಕ್ಕ ಚಿನ್ನ ಇರಬೇಕು. ಇದ್ದದ್ದು 15ರ ಆಸುಪಾಸು. ಏಳು ಗ್ರಾಮಿನ ದುಡ್ಡು ನೀರಿಗೆ ಹೋಯಿತು.

ಕೆಡಿಎಂ ಬೇರೆ, ಗ್ಯಾರಂಟಿ ಅಂತಲೂ ಸರ ಮಾರಿದ ಆಯಪ್ಪ ಹೇಳಿದ್ದ. ಕೆಡಿಎಂ ಅಂದರೆ ಕ್ಯಾಡ್ಮಿಯಂ ಬೆಸುಗೆ. ಅದರ ಹೊಗೆ ಕೆಲಸಗಾರರ ಆರೋಗ್ಯಕ್ಕೆ ಕೆಟ್ಟದ್ದು. ಹಾಲ್‌ಮಾರ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮಮ್ಮ ಇವತ್ತಿಗೂ ಕೆಡಿಎಂ ಅಂದರೆ ಒಳ್ಳೇ ಚಿನ್ನ ಅಂತಲೇ ನಂಬಿದ್ದಾರೆ, ಅದು ಬೇರೆ ಕಥೆ.

ಸೀಲೇ ಇಲ್ಲದ ಹಳೇ ಒಡವೆ ಎಲ್ಲ ಮೋಸ ಅಂತಲ್ಲ. ಅಜ್ಜಿಯ ಕಾಲದ್ದರಲ್ಲಿ ಸೀಲ್ ಎಲ್ಲಿರುತ್ತೆ? ಅಂಥದ್ದನ್ನು ದುಡ್ಡು ಕೊಡೋಕೆ ಮೊದಲೇ ಸೆಂಟರಿಗೆ ಒಯ್ಯಿರಿ, ಮಾರುವವರೂ ಜೊತೆಗೆ ಬರಲಿ. ಒಲ್ಲೆ ಅಂದರೆ ಬಿಟ್ಟುಬಿಡಿ. ಸೀಲ್ ಇದ್ದರೆ ಅದು ಎಲ್ಲಿದೆ ನೋಡಿ. ಕೊಂಡಿಯಲ್ಲಿ ಮಾತ್ರ ಇದ್ದರೆ ಬೆಸುಗೆಯ ಬಣ್ಣ ನೋಡಿ, ಸರದ ನಡುವೆಯೂ ಒರೆ ಹಚ್ಚಿಸಿ.

ಆಯಪ್ಪನ ಫೋನ್ ಸ್ವಿಚ್ ಆಫ್. ಪರಿಚಯ ಮಾಡಿಸಿದವರು ನಮಗೂ ಅಷ್ಟು ಗೊತ್ತಿಲ್ಲ ಅಂತ ಕೈ ತೊಳೆದುಕೊಂಡರು. ಸ್ಟೇಷನ್‌ನಲ್ಲಿ ಪೊಲೀಸರು ಮೊದಲು ಕೇಳಿದ್ದೇ ಮಾರಾಟದ ಚೀಟಿ. ಬರೆಸಿಕೊಂಡಿರಲಿಲ್ಲ. ದುಡ್ಡನ್ನೂ ಕ್ಯಾಷಲ್ಲೇ ಕೊಟ್ಟಿದ್ದೆ.