ನಾಟಮೈಸಿನ್ 5% ಕಣ್ಣಿನ ಹನಿ: ಲೇಸಿಕ್ ಆದ ಕಣ್ಣಿಗೆ ಎಷ್ಟು ನೆಚ್ಚಬಹುದು?

ಕಾರ್ನಿಯಾಕ್ಕೆ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಫಂಗಸ್ ತಗುಲಿದಾಗ, ಅದರಲ್ಲೂ ಫ್ಯುಸೇರಿಯಂ ಎಂಬ ಜಾತಿಯದಾಗಿದ್ದರೆ, ಮೊದಲು ಶುರು ಮಾಡಬೇಕಾದ ಹನಿ ಈಗಲೂ ನಾಟಮೈಸಿನ್ನೇ. ದಕ್ಷಿಣ ಭಾರತದ ಅರವಿಂದ್ ಕಣ್ಣಾಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇನ್ನೊಂದು ಫಂಗಸ್ ಮದ್ದಾದ ವೊರಿಕೊನಜೋಲ್ 1% ಹನಿಗಿಂತ ನಾಟಮೈಸಿನ್ ಹಾಕಿದವರ ದೃಷ್ಟಿ ಚೆನ್ನಾಗಿ ಉಳಿಯಿತು, ಕಾರ್ನಿಯಾ ತೂತಾಗಿದ್ದೂ ಕಡಿಮೆ.

ಆದರೆ ಲೇಸಿಕ್ (ಕನ್ನಡಕ ಬಿಡಿಸಲು ಮಾಡುವ ಲೇಸರ್ ಸರ್ಜರಿ) ಆದ ಕಣ್ಣಿನ ಲೆಕ್ಕ ಬೇರೆ. ಫಂಗಸ್ ಕೂತಿರುವುದು ಫ್ಲ್ಯಾಪಿನ, ಅಂದರೆ ಸರ್ಜರಿಯಲ್ಲಿ ಕತ್ತರಿಸಿ ಎತ್ತಿ ಮತ್ತೆ ಮುಚ್ಚಿದ ಕಾರ್ನಿಯಾದ ತೆಳು ಪದರದ ಅಡಿಯಲ್ಲಿ. ಮೇಲ್ಪದರ ಹರಿಯದೆ ಉಳಿದಿರುವ ಕಾರ್ನಿಯಾದೊಳಗೆ ನಾಟಮೈಸಿನ್ ಇಳಿಯುವುದು ತೀರ ಕಷ್ಟ. ಹಾಗಾಗಿ ಫ್ಲ್ಯಾಪ್ ಎತ್ತಿ, ಕೆರೆದು ಸ್ಯಾಂಪಲ್ ತೆಗೆದು, ಅಡಿಭಾಗ ತೊಳೆಯದೆ ಬರೀ ಹನಿ ಬರೆದುಕೊಡುವ ಚಿಕಿತ್ಸೆಯನ್ನು ನಾವು ಒಪ್ಪುವುದಿಲ್ಲ. ಸೋಂಕು ಹೆಚ್ಚಿದ್ದರೆ ಫ್ಲ್ಯಾಪನ್ನೇ ತೆಗೆಯಬೇಕಾಗುತ್ತದೆ. ಆಳಕ್ಕೆ ಇಳಿದಿದ್ದರೆ ವೊರಿಕೊನಜೋಲ್ ಕೂಡ ಜೊತೆಗೆ ಬೇಕು.

ಸ್ಯಾಂಪಲನ್ನು ಕೆಒಎಚ್ (ಸೂಕ್ಷ್ಮದರ್ಶಕದಲ್ಲಿ ಫಂಗಸ್ ನೋಡುವ ಪರೀಕ್ಷೆ) ಮತ್ತು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾತ್ರ ಕಳಿಸಿದರೆ ಸಾಲದು, ಮೈಕೋಬ್ಯಾಕ್ಟೀರಿಯಾ ಹುಡುಕುವ ಎಎಫ್‌ಬಿ ಸ್ಟೇನ್ ಕೂಡ ಮಾಡಿಸಬೇಕು. ಲೇಸಿಕ್ ನಂತರ ಬರುವ ಮೈಕೋಬ್ಯಾಕ್ಟೀರಿಯಾ (ಕ್ಷಯದ ರೋಗಾಣುವಿನ ಕುಲದ ಬ್ಯಾಕ್ಟೀರಿಯಾ) ಸೋಂಕು ನೋಡಲು ಫಂಗಸ್ ಸೋಂಕಿನಂತೆಯೇ ಇರುತ್ತದೆ, ಅದಕ್ಕೆ ಈ ಹನಿ ಏನೂ ಮಾಡದು.

ಹೆಚ್ಚು ಕಣ್ಣು ಹಾಳಾಗುವುದು ಸ್ಟೀರಾಯ್ಡ್‌ನಿಂದ. ಸರ್ಜರಿಯಾದ ಮೊದಲ ಕೆಲವು ದಿನಗಳಲ್ಲಿ ಸೋಂಕಿಲ್ಲದೆಯೂ ಫ್ಲ್ಯಾಪಿನಡಿ ಉರಿಯೂತ ಬರಬಹುದು, ಅದಕ್ಕೆ ಸ್ಟೀರಾಯ್ಡೇ ಮದ್ದು. ಫಂಗಸ್ ಸಾಮಾನ್ಯವಾಗಿ ತಡವಾಗಿ, ಎರಡು ವಾರದ ಆಚೀಚೆ ಅಥವಾ ಇನ್ನೂ ನಂತರ, ಬಿಳಿ ಚುಕ್ಕೆ, ನೋವು, ಮಂಜಾಗಿ ಕಾಣಿಸಿಕೊಳ್ಳುತ್ತದೆ. ಆಗಲೂ ಉರಿಯೂತವೆಂದೇ ಬಗೆದು ಸ್ಟೀರಾಯ್ಡ್ ಏರಿಸಿದರೆ ಕೆಂಪು ಇಳಿದು ಸಮಾಧಾನವಾಗುತ್ತದೆ, ಒಳಗೆ ಫಂಗಸ್ ಹಬ್ಬುತ್ತಿರುತ್ತದೆ.

ನಾಟಮೈಸಿನ್ ಬಳಕೆಯಲ್ಲಿ ಸ್ವಲ್ಪ ಕಿರಿಕಿರಿಯ ಔಷಧಿಯೇ. ಇದು ತಳಕ್ಕೆ ಕೂರುವ ಬಿಳಿ ದ್ರವ, ಪ್ರತಿ ಸಲವೂ ಬಾಟಲಿ ಚೆನ್ನಾಗಿ ಅಲುಗಾಡಿಸಬೇಕು. ಇಲ್ಲದಿದ್ದರೆ ಕಣ್ಣಿಗೆ ಬೀಳುವುದು ಮೇಲಿನ ತಿಳಿ ಮಾತ್ರ. ಮೊದಲ 3–4 ದಿನ ಗಂಟೆಗೋ ಎರಡು ಗಂಟೆಗೋ ಒಂದು ಹನಿ, ಆಮೇಲೆ ದಿನಕ್ಕೆ 6–8 ಸಲ. ಲೇಬಲ್ಲಿನಲ್ಲಿ 14–21 ದಿನ ಎಂದಿರುತ್ತದೆ, ಫ್ಲ್ಯಾಪಿನಡಿಯ ಸೋಂಕಿಗೆ ಹಲವು ಸಲ ಅದಕ್ಕೂ ಹೆಚ್ಚು ಬೇಕು. ಬೇರೆ ಹನಿಯಿದ್ದರೆ ನಡುವೆ ಕನಿಷ್ಠ 5 ನಿಮಿಷ ಬಿಡಿ. ಕಾರ್ನಿಯಾದ ಹುಣ್ಣಿನ ಮೇಲೆ, ರೆಪ್ಪೆಯಂಚಿಗೆ ಬಿಳಿ ಪುಡಿ ಅಂಟಿದ್ದನ್ನು ಮನೆಯವರು ಕೀವೆಂದು ಗಾಬರಿಯಾಗುತ್ತಾರೆ, ಅದು ಔಷಧಿಯೇ. ಹುಣ್ಣಿನ ಮೇಲಿನದನ್ನು ಒರೆಸಲು ಹೋಗಬೇಡಿ, ರೆಪ್ಪೆಯದನ್ನು ಮಾತ್ರ ಶುದ್ಧ ಹತ್ತಿಯಿಂದ ಮೆಲ್ಲಗೆ ತೆಗೆಯಿರಿ.