ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪು: ಮೂರು ಮಳೆಗಾಲ ಕಳೆದ ಮೇಲೆ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನನಗಿರುವುದು ಎರಡು ಎಕರೆ ಅಡಿಕೆ ತೋಟ. ವರ್ಷಕ್ಕೆ 300 ರೂಪಾಯಿ ಶುಲ್ಕವಿರುವ ಈ ಬೆಳೆಗಾರರ ಗುಂಪಿಗೆ ಸೇರಿ ಮೂರು ಮಳೆಗಾಲ ಕಳೆಯಿತು. ಸದಸ್ಯರೆಷ್ಟು, ನಿಯಮಗಳೇನು ಎಂಬುದು ಸೇರುವಾಗಲೇ ತಿಳಿಯುತ್ತದೆಯಾದ್ದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ.

ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಸಂಜೆ ಹಾಲು ಕರೆದಾದ ಮೇಲೆ ಕೊಟ್ಟಿಗೆಯ ಹಿಂದಿನ ದರೆ ಹತ್ತಿ, ಹಲಸಿನ ಮರದ ಬೇರಿನ ಮೇಲೆ ಕಾಫಿ ಲೋಟವಿಟ್ಟು, ಕೊಡೆಯನ್ನು ಭುಜಕ್ಕೆ ಆನಿಸಿಕೊಂಡು, ಕಾಲಿಗೆ ಹತ್ತಿದ ಇಂಬಳವನ್ನು ಕೀಳುತ್ತ ದಿನದ ಸಂದೇಶಗಳನ್ನು ಓದುವುದು ನನ್ನ ರೂಢಿ. ಅಲ್ಲಿ ಬರುವ ಎರಡು ಗೆರೆ ಸಿಗ್ನಲ್ಲಿಗೆ ಬರೆದ ಮಾತು ಇಳಿಯುತ್ತದೆ. ನಾಲ್ಕು ನಿಮಿಷದ ಧ್ವನಿ ಸಂದೇಶ ಸುತ್ತುತ್ತಲೇ ಇರುತ್ತದೆ.

ಮೊದಲ ವರ್ಷದ ಜುಲೈನಲ್ಲಿ, ಮಳೆಗಾಲದಲ್ಲಿ ಅಡಿಕೆ ಕಾಯಿಯನ್ನು ಕೆಡಿಸುವ ಕೊಳೆ ರೋಗ ಬಂದು ಹಸಿ ಕಾಯಿ ಉದುರತೊಡಗಿದಾಗ, ನಾಲ್ಕು ಕಾಯಿಗಳ ಫೋಟೋ ಹಾಕಿ ‘ಇದಕ್ಕೆ ಏನು ಹೊಡೆಯಬೇಕು?’ ಎಂದಷ್ಟೇ ಕೇಳಿದ್ದೆ. ರಾತ್ರಿಯೊಳಗೆ ಹನ್ನೊಂದು ಉತ್ತರಗಳು ಬಂದವು, ಅವುಗಳಲ್ಲಿ ಒಂಬತ್ತು ಬೇರೆ ಬೇರೆ ಔಷಧಿಗಳ ಹೆಸರುಗಳಿದ್ದವು. ಸಾಗರದ ಕಡೆಯ ಹಿರಿಯ ಬೆಳೆಗಾರರೊಬ್ಬರು ಮಾತ್ರ ಔಷಧಿಯ ಹೆಸರೆತ್ತದೆ, ‘ಬೋರ್ಡೋ ಹೊಡೆಸಿದ್ದು ಯಾವಾಗ, ಕಲಸಿದ್ದು ಹೇಗೆ, ಅದೇ ದಿನ ಮುಗಿಸಿದಿರಾ? ಮೊದಲು ಅದನ್ನು ಹೇಳಿ ಮಾರಾಯ್ರೆ’ ಎಂದು ಬರೆದರು. ಬೋರ್ಡೋ ಎಂದರೆ ಕೊಳೆ ಬಾರದಂತೆ ಮುಂಚೆಯೇ ಹೊಡೆಸುವ ಮೈಲುತುತ್ತ, ಸುಣ್ಣದ ದ್ರಾವಣ. ಎಲ್ಲರೆದುರು ಪರೀಕ್ಷೆಗೆ ಕೂರಿಸಿದಂತಾಗಿ ನನಗೆ ಸಿಟ್ಟು ಬಂದಿತ್ತು.

ಆದರೂ ಉತ್ತರ ಬರೆಯಲು ಕುಳಿತಾಗ ತಪ್ಪು ತಾನಾಗಿಯೇ ಹೊರಬಿತ್ತು. ಜೂನ್ ಮೊದಲ ವಾರದಲ್ಲಿ ಶೇಕಡಾ 1ರ ದ್ರಾವಣಕ್ಕೆಂದು 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದ ಲೆಕ್ಕದಲ್ಲಿ ಕಲಸಿದ್ದು ಸರಿಯಾಗಿಯೇ ಇತ್ತು. ಆದರೆ ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿಯುವ ಬದಲು ನಾನು ತುತ್ತಕ್ಕೇ ಸುಣ್ಣ ಸುರಿದಿದ್ದೆ. ಅದಕ್ಕಿಂತ ಮುಖ್ಯವಾಗಿ, ಮಧ್ಯಾಹ್ನ ಮಳೆ ಹಿಡಿದುಕೊಂಡದ್ದರಿಂದ ಉಳಿದ ಅರ್ಧ ಡ್ರಮ್ ದ್ರಾವಣವನ್ನು ಮರುದಿನ ಕೆಳಗಿನ ಸಾಲುಗಳಿಗೆ ಹೊಡೆಸಿದ್ದೆ. ಕಾಯಿ ಹೆಚ್ಚು ಉದುರುತ್ತಿದ್ದುದೂ ಅದೇ ಸಾಲುಗಳಲ್ಲಿ. ಇಟ್ಟ ದ್ರಾವಣ ಸತ್ವ ಕಳೆದುಕೊಳ್ಳುತ್ತದೆಂದು, ಹೊಳೆಯುವ ಚಾಕುವನ್ನು ಅದ್ದಿದಾಗ ಅಲಗಿಗೆ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ಆ ಹಿರಿಯರು ಸಾವಧಾನವಾಗಿ ತಿಳಿಸಿದರು. ಅಂದಿನಿಂದ ಪ್ರಶ್ನೆ ಹಾಕುವ ಮೊದಲು ಮರದ ವಯಸ್ಸು, ಬಸಿಗಾಲುವೆಯ ಸ್ಥಿತಿ, ಹಿಂದೆ ಹೊಡೆಸಿದ ತಾರೀಖುಗಳನ್ನು ಬರೆದುಕೊಳ್ಳುತ್ತೇನೆ; ಹೀಗೆ ಬರೆಯುವಾಗಲೇ ಉತ್ತರ ಹೊಳೆದು, ಕೇಳದೆ ಸುಮ್ಮನಾದದ್ದೂ ಉಂಟು.

ಇಷ್ಟಕ್ಕೆ ನಿಲ್ಲಿಸಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ. ಬೆಳಗಿನ ‘ಶುಭೋದಯ’ದ ಹೂವುಗಳನ್ನೂ, ಒಂದೇ ದಿನ ಐದು ಸಲ ಬರುವ ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಧಾರಣೆಯ ಪಟ್ಟಿಯನ್ನೂ ಸಹಿಸಿಕೊಳ್ಳಬಹುದು. ಸಹಿಸಲಾಗದಿರುವುದು ‘ನನಗೆ ಫೋನ್ ಮಾಡಿ’ ಎಂಬ ಮೂರು ಪದಗಳ ಉತ್ತರ. ಕೇಳಿದವರು ಎಲ್ಲರೆದುರು ತಮ್ಮ ತೋಟದ ಕಷ್ಟವನ್ನು ಹೇಳಿಕೊಂಡಿರುತ್ತಾರೆ. ತಿಳಿದವರು ಅದರ ಪರಿಹಾರವನ್ನು ಮರೆಯಲ್ಲಿ ಕಿವಿಗೆ ಹೇಳಿ ಮುಗಿಸುತ್ತಾರೆ. ಶುಲ್ಕ ಕಟ್ಟಿದ ಉಳಿದವರು ಪ್ರಶ್ನೆಯನ್ನಷ್ಟೇ ಓದಬೇಕಾಗುತ್ತದೆ. ಹಾಗೆ ಕರೆಯುವವರಲ್ಲಿ ಕೆಲವರು ಔಷಧಿ ಅಂಗಡಿಯವರೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ನಮ್ಮಂಥ ಊರಿನವರಿಗೆ ಆ ಫೋನೂ ಸಿಗುವುದಿಲ್ಲವೆಂಬುದು ಬೇರೆ ಮಾತು.

ಇನ್ನೊಂದು ಕಿರಿಕಿರಿಯೂ ಇದೆ. ಉತ್ತರ ಸಿಕ್ಕ ಕೂಡಲೇ ಕೆಲವರು ನಾಚಿಕೆಗೋ ಏನೋ ಪ್ರಶ್ನೆಯನ್ನೇ ಅಳಿಸುತ್ತಾರೆ. ಕಳೆದ ವರ್ಷ ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗುವುದರ ಬಗ್ಗೆ ಹುಡುಕಿದಾಗ ನನಗೆ ಸಿಕ್ಕಿದ್ದು ‘ಹೌದು, ಅದೇ ಕಾರಣ, ಬೇಗ ಕತ್ತರಿಸಿ ಸುಡಿ’ ಎಂಬ ಒಂದು ಸಾಲು. ಯಾವುದು ಕಾರಣ, ಏನನ್ನು ಸುಡಬೇಕು ಎಂಬುದು ಅಳಿಸಿದವರಿಗೇ ಗೊತ್ತು.

ಹೀಗಿದ್ದೂ ಬಿಟ್ಟುಹೋಗದಂತೆ ಹಿಡಿದಿಟ್ಟಿರುವುದು ನಾನು ನಿರೀಕ್ಷಿಸದಿದ್ದ ಒಂದು ಪದ್ಧತಿ: ಸಲಹೆ ಪಡೆದ ಕೆಲವರು ಒಂದೂವರೆ ತಿಂಗಳ ನಂತರ, ಅಂದರೆ ಎರಡನೆಯ ಸಿಂಪಡಣೆಯ ಹೊತ್ತಿಗೆ, ತಮ್ಮ ಹಳೆಯ ಪ್ರಶ್ನೆಗೇ ಉತ್ತರವಾಗಿ ಏನಾಯಿತೆಂದು ಬರೆಯುತ್ತಾರೆ. ಮರ ಹತ್ತುವ ಕೊನೆಗಾರರಿಂದ ಗೊನೆಗಳಿಗೆ ಮಳೆ ತಾಗದಂತೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿದ್ದ ಹೊಸನಗರ ಕಡೆಯವರೊಬ್ಬರು ‘ಕೊಟ್ಟೆ ಕಟ್ಟಿದ ಮರಗಳಲ್ಲಿ ಕೊಳೆ ಕಡಿಮೆ, ಆದರೆ ಕೊನೆಗಾರರ ಕೂಲಿ ಲೆಕ್ಕ ಹಾಕಿದರೆ ನನಗೆ ಗಿಟ್ಟಲಿಲ್ಲ’ ಎಂದು ಸೋತದ್ದನ್ನೂ ಬರೆದಿದ್ದರು. ಆ ಸಾಲನ್ನು ನಂಬಿ ನಾನು ಎರಡು ಎಕರೆಗೂ ಕೊಟ್ಟೆ ಕಟ್ಟಿಸುವ ಯೋಚನೆಯನ್ನು ಬಿಟ್ಟು, ಗಾಳಿಮಳೆ ನೇರ ಬಡಿಯುವ ಪಡುವಣ ಅಂಚಿನ ಮರಗಳಿಗಷ್ಟೇ ಕಟ್ಟಿಸಿದೆ. ಅದೊಂದರಲ್ಲೇ ಹಲವು ವರ್ಷಗಳ ಶುಲ್ಕ ಉಳಿಯಿತು. ನಾನೂ ಕೆಳಗಿನ ಸಾಲುಗಳ ಕಥೆಯನ್ನು, ಮರುದಿನ ಹೊಡೆಸಿದ ತಪ್ಪಿನ ಸಮೇತ, ತಾರೀಖು ಹಾಕಿ ಬರೆದಿದ್ದೇನೆ.

ಮುಂದಿನ ವರ್ಷದ 300 ರೂಪಾಯಿಯನ್ನು ಕಟ್ಟಿಯಾಗಿದೆ. ಐದರಲ್ಲಿ ಮೂರೂವರೆ ಅಂಕ. ಎಲೆಚುಕ್ಕೆ ರೋಗದ ಬಗ್ಗೆ ಕೊಪ್ಪದ ಒಬ್ಬರು ಸೆಪ್ಟೆಂಬರಿನಲ್ಲಿ ಕೇಳಿದ್ದ ಪ್ರಶ್ನೆಗೆ ‘ಫೋನ್ ಮಾಡಿ’ ಎಂದವರು ಫೋನಿನಲ್ಲಿ ಏನು ಹೇಳಿದರೆಂದು ಗುಂಪಿನಲ್ಲಿ ಎರಡು ಸಲ ಕೇಳಿದ್ದೇನೆ. ಎರಡು ನೀಲಿ ಗೀಟುಗಳು ಬಿದ್ದಿವೆ, ಉತ್ತರ ಬಂದಿಲ್ಲ.