ಹಂಪಿಗೆ ಮೂರು ಸಲ: ಜನರಲ್ ಬೋಗಿ, ಕೆಂಪು ಬಸ್, ಸ್ಲೀಪರ್

ಡಿಗ್ರಿಯ ಮೂರು ವರ್ಷದಲ್ಲಿ ಮೂರು ಸಲ ಹಂಪಿಗೆ ಹೋಗಿ ಬಂದೆ. ಬೆಂಗಳೂರಲ್ಲಿ ಪಿಜಿಯಲ್ಲಿ ಇರುವವಳು ನಾನು. ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ, ಮನೆಯಲ್ಲಿ ಟ್ರಿಪ್‌ಗೆ ಅಂತ ದುಡ್ಡು ಕೇಳುವ ಮನಸ್ಸಿಲ್ಲ. ಹಾಗಾಗಿ ಪ್ರತಿ ಸಲವೂ ನಾವು ಮೂವರು ಗೆಳತಿಯರು ಹಾಕಿಕೊಂಡ ಲೆಕ್ಕ ಒಂದೇ: ಎರಡು ದಿನ, ತಲೆಗೆ 1,500 ರೂಪಾಯಿ. ಹೋದ ದಾರಿ ಮಾತ್ರ ಪ್ರತಿ ಸಲ ಬೇರೆ.

ಮೊದಲನೆಯ ಸಲ ಹಂಪಿ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ. ಟಿಕೆಟ್ ಸ್ಲೀಪರ್‌ನ ಅರ್ಧದಷ್ಟು, ಮುಂಚೆ ಬುಕ್ ಮಾಡುವ ಗೋಜಿಲ್ಲ, ಇದಕ್ಕಿಂತ ಅಗ್ಗ ಇನ್ನೇನು ಅಂದುಕೊಂಡಿದ್ದೆವು. ನಮಗೆ ಹೊಳೆಯದಿದ್ದ ವಿಷಯ ಏನೆಂದರೆ ಈ ರೈಲು ಹೊರಡುವುದು ಮೈಸೂರಿಂದ. ರಾತ್ರಿ 10ರ ಹೊತ್ತಿಗೆ ಬೆಂಗಳೂರಿಗೆ ಬಂದಾಗ ಜನರಲ್‌ನಲ್ಲಿ ಕಾಲಿಡಲೂ ಜಾಗ ಇರಲಿಲ್ಲ. ಹಿಂದೂಪುರ, ಧರ್ಮಾವರಂ, ಅನಂತಪುರ, ಗುಂತಕಲ್ ಅಂತ ಆಂಧ್ರವನ್ನೆಲ್ಲ ಸುತ್ತಿಕೊಂಡು ಬಳ್ಳಾರಿಗೆ ಬರುವ ದಾರಿ ಅದು, ಬೆಳಗಿನ ಜಾವದವರೆಗೂ ಬ್ಯಾಗಿನ ಮೇಲೆ ಕೂತೇ ಇದ್ದೆ. ಮೈಸೂರಿನ ಹುಡುಗರು ಅಲ್ಲೇ ಹತ್ತಿದರೆ ಸೀಟು ಸಿಗುತ್ತದೆ, ಅವರಿಗೆ ಜನರಲ್ ಒಳ್ಳೆಯದೇ. ಬೆಂಗಳೂರಿನವರಿಗೆ ಬೇಡ, ಅದರಲ್ಲೂ ಹಬ್ಬದ ಹಿಂದುಮುಂದಿನ ದಿನಗಳಲ್ಲಿ ಖಂಡಿತ ಬೇಡ.

ಎರಡನೆಯ ಸಲ ಮೆಜೆಸ್ಟಿಕ್‌ನಿಂದ ಕೆಂಪು ಬಸ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿತ್ತು. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಚೀಟಿ ಕೈಗೆ ಬಂದಾಗ ಆದ ಖುಷಿ ಇವತ್ತಿಗೂ ನೆನಪಿದೆ, ಯಾಕೆಂದರೆ ಯಾರನ್ನೂ ಕೇಳದೆ ನನ್ನ ಪಾಡಿಗೆ ನಾನು ಇಷ್ಟು ದೂರ ಹೋಗಬಹುದು ಅಂತ ಅನ್ನಿಸಿದ್ದೇ ಆಗ. ರಾಜಹಂಸ, ಎಸಿ, ಸ್ಲೀಪರ್ ಬಸ್‌ಗಳಿಗೆ ಇದು ಅನ್ವಯಿಸುವುದಿಲ್ಲ, ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್‌ಗೆ ಮಾತ್ರ. ತುಮಕೂರು, ಹಿರಿಯೂರು, ಚಿತ್ರದುರ್ಗ, ಕೂಡ್ಲಿಗಿ ದಾಟಿ ಹೊಸಪೇಟೆ. ಪಕ್ಕದಲ್ಲಿ ಕೂಡ್ಲಿಗಿಗೆ ಹೊರಟ ಅಜ್ಜಿಯೊಬ್ಬರು ಇದ್ದರು, "ಊಟ ಮಾಡೀಯೇನವ್ವಾ?" ಅಂತ ಕೇಳಿ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಕೊಟ್ಟರು.

ಆದರೆ ನಿದ್ದೆ ಬರಲಿಲ್ಲ. ಸೀಟು ಹಿಂದಕ್ಕೆ ವಾಲುವುದಿಲ್ಲ, ಪ್ರತಿ ಊರಲ್ಲೂ ಲೈಟ್ ಹಾಕುತ್ತಾರೆ, ಹೊಸಪೇಟೆ ಬಂದಾಗ ಇನ್ನೂ 5 ಗಂಟೆ ಆಗಿರಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜ್‌ನಲ್ಲಿ ಕೇಳಿದರೆ ಅಷ್ಟು ಬೇಗ ರೂಮ್ ಬೇಕಾದರೆ ಒಂದು ದಿನದ ಬಾಡಿಗೆ ಜಾಸ್ತಿ ಅಂದರು. ಬೆಳಕಾಗುವವರೆಗೂ ಬೆಂಚಿನ ಮೇಲೆ ಕೂತು, ಹಂಪಿಗೆ ಹೋಗುವಷ್ಟರಲ್ಲಿ ಮೂವರೂ ಸುಸ್ತು. ಸೈಕಲ್ ತುಳಿಯುವ ಶಕ್ತಿ ಯಾರಿಗೂ ಇರಲಿಲ್ಲ, 1,200 ಕೊಟ್ಟು ದಿನಕ್ಕೆ ಆಟೋ ಮಾಡಿಕೊಂಡೆವು. ತಲೆಗೆ 400. ಬಸ್ಸಲ್ಲಿ ಉಳಿಸಿದ್ದು ಅಲ್ಲೇ ಹೋಯಿತು, ಅಲ್ವಾ? ಅದಕ್ಕಿಂತ ಬೇಜಾರಿನ ಸಂಗತಿ, ಕಮಲ ಮಹಲ್, ಆನೆ ಲಾಯ, ಹಜಾರ ರಾಮ ದೇವಸ್ಥಾನ ಎಲ್ಲವನ್ನೂ ಹತ್ತತ್ತು ನಿಮಿಷದಲ್ಲಿ ನೋಡಿ ಮುಗಿಸಿದ್ದು. ಹಜಾರ ರಾಮದ ಗೋಡೆಯ ಮೇಲೆ ರಾಮಾಯಣ ಪೂರ್ತಿ ಕೆತ್ತಿದ್ದಾರೆ, ನಿಧಾನಕ್ಕೆ ಸುತ್ತು ಹಾಕಿ ಓದಬೇಕಾದ ಜಾಗ ಅದು.

ಆ ಸಲ ವಾಪಸ್ ಬರುವಾಗ ರಜೆಯ ಗಲಾಟೆಯಲ್ಲಿ ಬೇರೇನೂ ಸಿಗದೆ ಪ್ರೈವೇಟ್ ಸ್ಲೀಪರ್ ಹತ್ತಿದೆವು. ನಿದ್ದೆ ಚೆನ್ನಾಗಿ ಬಂತು. ಟಿಕೆಟ್ 1,100. ನಮ್ಮಂಥವರಿಗೆ ಅಲ್ಲ, ಅಷ್ಟೇ.

ಮೂರನೆಯ ಸಲ ಅದೇ ಹಂಪಿ ಎಕ್ಸ್‌ಪ್ರೆಸ್, ಆದರೆ ಸ್ಲೀಪರ್ ಬರ್ತ್. ಒಂದು ತಿಂಗಳು ಮುಂಚೆ ಬುಕ್ ಮಾಡಿದ್ದಕ್ಕೆ 300 ರೂಪಾಯಿ ಒಳಗೆ ಮುಗಿಯಿತು. ಈಗ ರೈಲು ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಪರೀಕ್ಷೆ ಮುಗಿಯುವ ದಿನ ಗೊತ್ತಾದ ತಕ್ಷಣ ಮಾಡಿಬಿಡಿ, ತತ್ಕಾಲ್ ನಂಬಿಕೊಂಡರೆ ದುಡ್ಡೂ ಜಾಸ್ತಿ, ಟಿಕೆಟ್ ಸಿಗುವ ಭರವಸೆಯೂ ಇಲ್ಲ. ರಾತ್ರಿಯೆಲ್ಲ ಮಲಗಿ ಬೆಳಿಗ್ಗೆ 7ರ ಸುಮಾರಿಗೆ ಇಳಿದೆವು. ಸ್ಟೇಷನ್ನಿನ ವೇಟಿಂಗ್ ರೂಮಲ್ಲಿ ಮುಖ ತೊಳೆದು, ಹೊರಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ಹಂಪಿಯ ಲೋಕಲ್ ಬಸ್ ಹತ್ತಿದೆವು. ಸುಮಾರು 13 ಕಿಲೋಮೀಟರ್, ಅದಕ್ಕೂ ಶೂನ್ಯ ಟಿಕೆಟ್ಟೇ.

ನಿದ್ದೆ ಆಗಿದ್ದರೆ ಹಂಪಿಯೇ ಬೇರೆ. 150 ರೂಪಾಯಿಗೆ ಇಡೀ ದಿನ ಸೈಕಲ್ ಸಿಕ್ಕಿತು. ಬಜಾರಿನಿಂದ ಕೃಷ್ಣ ದೇವಸ್ಥಾನದ ಕಡೆಗೆ ಒಂದು ಏರು ಇದೆ, ಅಲ್ಲಿ ಇಳಿದು ತಳ್ಳಬೇಕು. ಆಮೇಲೆ ಉಗ್ರನರಸಿಂಹ, ಬಡವಿಲಿಂಗ, ಬಾಳೆ ತೋಟದ ಪಕ್ಕದ ರಸ್ತೆ, ಮಹಾನವಮಿ ದಿಬ್ಬ, ಮೆಟ್ಟಿಲು ಪುಷ್ಕರಣಿ. ರಾಣಿಯರ ಸ್ನಾನಗೃಹದ ಹತ್ತಿರ ಒಂದು ಸೈಕಲ್ ಪಂಕ್ಚರ್ ಆಯಿತು, ಕಮಲಾಪುರದವರೆಗೆ ತಳ್ಳಿಕೊಂಡು ಹೋದೆವು, ಅದರಲ್ಲಿ ಒಂದು ಗಂಟೆ ಹೋಯಿತು. ಹಾಗಾಗಿ ಹತ್ತುವ ಮುಂಚೆ ಟೈರು, ಬ್ರೇಕು ಎರಡನ್ನೂ ನೋಡಿಕೊಳ್ಳಿ.

ಎರಡನೆಯ ದಿನ ಸೈಕಲ್ಲೂ ಬೇಡ, ಕಾಲ್ನಡಿಗೆಯೇ ಸರಿ. ವಿರೂಪಾಕ್ಷ ದೇವಸ್ಥಾನದಿಂದ ತುಂಗಭದ್ರೆಯ ದಂಡೆ ಹಿಡಿದು ಕೋದಂಡರಾಮ ದೇವಸ್ಥಾನ, ತುಲಾಭಾರದ ಕಮಾನು ದಾಟಿದರೆ ವಿಜಯ ವಿಠ್ಠಲ ಬರುತ್ತದೆ. ಆಟೋ ಹೋದರೆ ಸುತ್ತು ಹಾಕಿ ಇನ್ನೊಂದು ಕಡೆಯಿಂದ ಬರುತ್ತದೆ, ಈ ದಾರಿ ಅದಕ್ಕೆ ಸಿಗುವುದೇ ಇಲ್ಲ. ವಿಠ್ಠಲದಲ್ಲಿ ತೆಗೆದುಕೊಂಡ 40 ರೂಪಾಯಿ ಟಿಕೆಟ್ಟೇ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ಎರಡನ್ನೂ ಬೇರೆ ಬೇರೆ ದಿನಕ್ಕೆ ಇಟ್ಟುಕೊಂಡರೆ ನಮ್ಮ ಹಾಗೆ ಎರಡು ಸಲ ಕೊಡಬೇಕಾಗುತ್ತದೆ. ಮಾತಂಗ ಬೆಟ್ಟ, ಹೇಮಕೂಟಕ್ಕೆ ಟಿಕೆಟ್ಟಿಲ್ಲ.

ಉಳಿಯಲು ಹೊಸಪೇಟೆಯ ಲಾಡ್ಜ್ ಸ್ವಲ್ಪ ಅಗ್ಗ. ಆದರೂ ನಾನು ಹಂಪಿಯಲ್ಲೇ ಉಳಿಯಿರಿ ಅನ್ನುತ್ತೇನೆ. ಕತ್ತಲಾದ ಮೇಲೆ ಬಸ್ ಕಡಿಮೆ, ಮಾತಂಗದ ಮೇಲೆ ಸೂರ್ಯೋದಯ ನೋಡಬೇಕಾದರೆ ಬೆಳಿಗ್ಗೆ ಹೊಸಪೇಟೆಯಿಂದ ಆಟೋ ಮಾಡಬೇಕು, ಆ ಉಳಿತಾಯ ಉಳಿಯುವುದಿಲ್ಲ. ನಾವು ಮನೆಯೊಂದರ ಮೇಲಿನ ರೂಮಿಗೆ ಮೂವರೂ ಸೇರಿ 1,200 ಕೊಟ್ಟೆವು.

ಹುಡುಗರು ಬಸ್ಸಿನ ವಿಷಯದಲ್ಲಿ ಯೋಚನೆ ಮಾಡುವುದೇ ಬೇಡ. ಅವರಿಗೆ ಕೆಂಪು ಬಸ್ಸಿನ ಟಿಕೆಟ್ ರೈಲಿನ ಸ್ಲೀಪರ್‌ಗಿಂತ ಜಾಸ್ತಿ ಬೀಳುತ್ತದೆ. ಹುಡುಗಿಯರಾದರೆ ಹೋಗುವಾಗ ಸ್ಲೀಪರ್, ಬರುವಾಗ ಕೆಂಪು ಬಸ್. ನಾವು ಬೆಳಿಗ್ಗೆ ಸೂರ್ಯೋದಯ ನೋಡಿ, ವಿಠ್ಠಲ ಮುಗಿಸಿ, ಮಧ್ಯಾಹ್ನದ ಬಸ್ ಹತ್ತಿದೆವು. ಹಗಲಾದ್ದರಿಂದ ನಿದ್ದೆಯ ಚಿಂತೆ ಇರಲಿಲ್ಲ, ಚಿತ್ರದುರ್ಗದ ಗಾಳಿಯಂತ್ರಗಳನ್ನು ಕಿಟಕಿಯಿಂದ ನೋಡುತ್ತಾ ಬಂದೆವು. ಮೆಜೆಸ್ಟಿಕ್‌ನಲ್ಲಿ ಇಳಿದು ಲೆಕ್ಕ ಹಾಕಿದರೆ ತಲೆಗೆ 1,430 ಆಗಿತ್ತು. ಉಳಿದ ದುಡ್ಡಲ್ಲಿ ಅಲ್ಲೇ ದೋಸೆ ತಿಂದು ಪಿಜಿಗೆ ಹೋದೆವು.